ಕಡಲಂಚಿನ ಪ್ರವಾಸದ ಕೊನೆಯ ದಿನಗಳು: ವಾಪಸ್ ಹೊರಡುವ ಮುಂಚೆ ಗಾಡಿಗೆ ಏನೇನು ನೋಡಬೇಕು?

ತೀರದಾರಿ (ಪ್ರಶ್ನೆ)

ಕಡಲ ಪಕ್ಕದ ರಸ್ತೆಯಲ್ಲೇ ಸುತ್ತಾಡುತ್ತಿದ್ದೇವೆ. ಇನ್ನು ಎರಡು ರಾತ್ರಿ ಬಾಕಿ, ಆಮೇಲೆ ಒಳನಾಡಿಗೆ ಸುಮಾರು 650 ಕಿ.ಮೀ. ವಾಪಸ್ ಪ್ರಯಾಣ. ಒಂದು ಪೆಟ್ರೋಲ್ ಕಾರು, ನಾಲ್ಕು ಜನ, ಮೇಲೆ ಕ್ಯಾರಿಯರ್ ತುಂಬ ಲಗೇಜು. ಜೊತೆಗೆ ಸ್ನೇಹಿತರ ಬೈಕ್ ಒಂದಿದೆ.

ಸದ್ಯದ ಸ್ಥಿತಿ: ಬೆಳಿಗ್ಗೆ ಮೊದಲ ಬ್ರೇಕಿಗೆ ಕರ್ರ್ ಅಂತ ಉಜ್ಜುವ ಸದ್ದು, ಆಮೇಲೆ ಹೋಗುತ್ತದೆ. ಆದರೆ ಎಡಗಡೆ ಮುಂದಿನ ಚಕ್ರದಿಂದ ಬ್ರೇಕ್ ಒತ್ತದಿದ್ದರೂ ಸಣ್ಣಗೆ ಕೀಚಲು ಸದ್ದು ಬರುತ್ತಲೇ ಇದೆ. 85 ದಾಟಿದರೆ ಸ್ಟೇರಿಂಗ್ ನಡುಗುತ್ತದೆ, ಹೊರಡುವ ಮುಂಚೆ ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕ ಎಲ್ಲ ಕಡೆ ಸಮ ಮಾಡುವುದು) ಮಾಡಿಸಿತ್ತು. ಮರಳಿಗೆ ಇಳಿಸುವಾಗ ಟೈರ್ ಗಾಳಿ ಕಡಿಮೆ ಮಾಡಿದ್ದೆವು, ಆಮೇಲೆ ಸಣ್ಣ ಏರ್ ಪಂಪಿನಲ್ಲಿ ತುಂಬಿಸಿದ್ದೇವೆ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ. ಸಂಜೆ ಎದುರಿನ ಬೆಳಕಿಗೆ ಮುಂದಿನ ಗಾಜು ಮಬ್ಬು ಮಬ್ಬು.

ಈಗಲೇ ತೊಳೆಸಬೇಕೋ, ಮನೆಗೆ ಹೋಗಿ ಒಂದೇ ಸಲ ಸರ್ವಿಸಿಗೆ ಬಿಟ್ಟರೆ ಸಾಕೋ? 650 ಕಿ.ಮೀ. ಒಂದೇ ಏಟಿಗೆ ಹೊಡೆಯಬಹುದೇ? ಇನ್ನೊಂದು, ಕಳೆದ ವಾರ ಸಂಜೆ 5 ಗಂಟೆಗೆ ಮರಳಿನ ಮೇಲೆ ಗಾಡಿ ನಿಲ್ಲಿಸಿದ್ದ ಜಾಗ ತುಂಬ ಚೆನ್ನಾಗಿತ್ತು, ಕೊನೆಯ ಸಂಜೆಯೂ ಅಲ್ಲೇ ನಿಲ್ಲಿಸೋಣ ಅಂತ ಇದೆ.

---

ಗ್ರೀಸ್‌ಕೈ

ಮನೆಗೆ ಹೋಗಿ ತೊಳೆಸಿದರಾಯಿತು ಅಂತ ಮುಂದೂಡಿದರೆ ತುಕ್ಕಿಗೆ ಆ ದಿನಗಳೇ ಸಾಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲೆ ಒಡೆಯುವಾಗ ಏಳುವ ತುಂತುರು ಗಾಳಿ ಜೊತೆ ಬಂದು ಗಾಡಿಯ ಅಡಿಗೆ, ಚಕ್ರದ ಗೂಡಿನೊಳಗೆ, ರೇಡಿಯೇಟರ್ ಮುಂದೆ ಕೂರುತ್ತದೆ. ನೀರು ಆರಿದರೂ ಉಪ್ಪು ಅಲ್ಲೇ ಇರುತ್ತದೆ. ಅಡುಗೆ ಉಪ್ಪೇ ಗಾಳಿಯ ತೇವಾಂಶ 75% ದಾಟಿದರೆ ನೀರೆಳೆದುಕೊಂಡು ಕರಗುತ್ತದೆ. ಕಡಲುಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅಷ್ಟೂ ಬೇಡ, ಅದರ ಅರ್ಧದಷ್ಟು ತೇವ ಸಾಕು. ಹಾಗಾಗಿ ಮಳೆ ಇಲ್ಲದಿದ್ದರೂ ಗಾಡಿಯ ಅಡಿಭಾಗ ರಾತ್ರಿಯಿಡೀ ಉಪ್ಪುನೀರಿನಲ್ಲಿ ಒದ್ದೆಯಾಗಿರುತ್ತದೆ. ಅದೇ ಗಾಡಿಯನ್ನು ಒಯ್ದು ಗಾಳಿಯಾಡದ ಶೆಡ್ಡಿನಲ್ಲಿ ನಿಲ್ಲಿಸಿ, ಮೇಲೊಂದು ಕವರ್ ಹೊದಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ತೇವ ಹೊರಗೆ ಹೋಗುವುದಿಲ್ಲ, ಮೇಲೆ ಕೂತ ಮರಳು ಪೇಂಟಿಗೆ ಗೀರು ಹಾಕುತ್ತದೆ.

ಹಾಗಂತ ದಿನಾ ಪೂರ್ತಿ ವಾಟರ್ ವಾಷ್ ದಂಡ. ಬೆಳಿಗ್ಗೆ ತೊಳೆದು ರಾತ್ರಿ ಮತ್ತೆ ಅಲೆ ಮುಂದೆ ನಿಲ್ಲಿಸಿದರೆ ಮರುದಿನ ಅದೇ ಪದರ. ದೊಡ್ಡ ತೊಳೆತ ಒಂದೇ ಸಲ, ಕಡಲು ಬಿಟ್ಟು ಒಳಕ್ಕೆ ತಿರುಗಿದ ಮೇಲೆ ಸಿಗುವ ವಾಷಿಂಗ್ ಪಾಯಿಂಟಿನಲ್ಲಿ. ಆಮೇಲಿನ ಓಟಕ್ಕೆ ಎಲ್ಲ ಸಂದಿಗಳೂ ತಾನಾಗಿ ಒಣಗುತ್ತವೆ.

ನೀರು ಎಂಥದ್ದು ಅಂತ ಮೊದಲು ನೋಡಿ. ತೀರದ ಹತ್ತಿರದ ಎಷ್ಟೋ ಬೋರು-ಬಾವಿಗಳ ನೀರೇ ಉಪ್ಪು. ಗಾಜಿನ ಮೇಲೆ ನಾಲ್ಕು ಹನಿ ಬಿಟ್ಟು ಆರಲು ಬಿಡಿ, ದಪ್ಪಗೆ ಬಿಳಿ ಕಲೆ ಉಳಿದರೆ ಅಥವಾ ಶಾಂಪೂ ನೊರೆಯೇ ಬಾರದಿದ್ದರೆ ಅಲ್ಲಿ ತೊಳೆಸಬೇಡಿ. ತೊಳೆದ ನೀರನ್ನೇ ಸೋಸಿ ಮತ್ತೆ ಬಳಸುವ ಕಡೆಯೂ ಬೇಡ. ಸೋಸಿದರೆ ಮಣ್ಣು ಹೋಗುತ್ತದೆ, ಉಪ್ಪು ಹೋಗುವುದಿಲ್ಲ.

ಗಾಡಿ ನಿಲ್ಲಿಸಿ 20–30 ನಿಮಿಷ ಬಿಡಿ. ಕಾದ ಬ್ರೇಕ್ ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ) ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು. ಮೊದಲು ಅಡಿಭಾಗ. ಇಲ್ಲಿ ಪ್ರೆಶರ್‌ಗಿಂತ ನೀರಿನ ಪ್ರಮಾಣ ಮುಖ್ಯ, ಉಪ್ಪು ಕರಗಿ ಹರಿದು ಹೋಗಬೇಕು. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಸಲ, ಬಲಕ್ಕೆ ತಿರುಗಿಸಿ ಒಂದು ಸಲ ಚಕ್ರದ ಗೂಡಿನ ಮೇಲಂಚಿಗೆ ಹೊಡೆಸಿ. ಒಳಮಡಿಕೆಯಲ್ಲಿ ಬೆರಳಾಡಿಸಿದರೆ ಗೊತ್ತಾಗುತ್ತದೆ, ಒದ್ದೆ ಮರಳು ಅಲ್ಲಿ ಗಾರೆಯ ಹಾಗೆ ಮೆತ್ತಿಕೊಂಡಿರುತ್ತದೆ. ಸಸ್ಪೆನ್ಷನ್ ಆರ್ಮ್‌ಗಳ ಗುಳಿ, ಬಾಗಿಲ ಕೆಳಗಿನ ನೀರು ಹೋಗುವ ತೂತುಗಳು, ಹಿಂದಿನ ಬಂಪರಿನ ಒಳಗು ಮರೆಯಬೇಡಿ. ಪ್ರೆಶರ್ ಗನ್ ಬಳಸಿದರೆ ಒಂದು ಅಡಿ ದೂರದಿಂದ. ಆಕ್ಸಲ್ ರಬ್ಬರ್ ಬೂಟ್, ಬೇರಿಂಗ್ ಸೀಲ್, ವೈರಿಂಗ್ ಕನೆಕ್ಟರ್‌ಗಳಿಗೆ ನೇರವಾಗಿ ಬೇಡವೇ ಬೇಡ. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್‌ಗೆ ಗನ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ; ಸಾದಾ ಪೈಪಿನಲ್ಲಿ, ಆದರೆ ಎಂಜಿನ್ ಕಡೆಯಿಂದ ಹೊರಕ್ಕೆ. ಬೋನೆಟ್ ಒಳಗೆ ಒದ್ದೆ ಬಟ್ಟೆ ಸಾಕು. ಗಾಡಿಯ ಮೈಗೆ ಬಟ್ಟೆ ತಾಗಿಸುವ ಮುಂಚೆ ಮೇಲಿಂದ ಬರೀ ನೀರು ಹರಿಸಿ ಮರಳು ಇಳಿಸಿ, ಆಮೇಲೆ ಕಾರ್ ಶಾಂಪೂ.

ತೊಳೆದು ಹೊರಟ ಕೂಡಲೇ ಖಾಲಿ ರಸ್ತೆಯಲ್ಲಿ ಏಳೆಂಟು ಸಲ ಮೆಲ್ಲಗೆ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಒದ್ದೆ ಬ್ರೇಕಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿಯಿಡೀ ನಿಲ್ಲಿಸಿದರೆ ಹಿಂದಿನವು ಕಚ್ಚಿಕೊಳ್ಳುತ್ತವೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಒಳಗಡೆ: ಮೊದಲು ಒಣ ವ್ಯಾಕ್ಯೂಮ್, ಆಮೇಲಷ್ಟೇ ಒದ್ದೆ ಬಟ್ಟೆ. ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯೊಳಗೆ ಕೈಹಾಕಿ ನೋಡಿ. ಒದ್ದೆ ಟವೆಲ್ಲುಗಳ ಉಪ್ಪುನೀರು ಇಳಿದು ನಿಲ್ಲುವುದು ಅಲ್ಲೇ. ಸೀಟ್ ಬೆಲ್ಟ್ ಉಪ್ಪಾಗಿದ್ದರೆ ಪೂರ್ತಿ ಎಳೆದು ಕ್ಲಿಪ್ ಹಾಕಿ, ಉಗುರುಬೆಚ್ಚಗಿನ ಸೋಪು ನೀರಲ್ಲಿ ಒರೆಸಿ, ಒಣಗಿದ ಮೇಲೆ ಒಳಗೆ ಬಿಡಿ. ಸೀಟಿನ ಅಡಿ ಕಾಣುವ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಒರೆಸುವ ನೆಪದಲ್ಲಿ ಎಳೆಯಬೇಡಿ.

---

ಹದಿನಾಲ್ಕರ ಸ್ಪ್ಯಾನರ್

ಬೆಳಗಿನ ಕರ್ರ್ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಡಿಸ್ಕ್ ಬೀಡು ಕಬ್ಬಿಣ, ತೀರದ ಗಾಳಿಗೆ ಒಂದೇ ರಾತ್ರಿಯಲ್ಲಿ ಕೆಂಪು ಪದರ ಬರುತ್ತದೆ, ನಾಲ್ಕು ಬ್ರೇಕಿಗೆ ಹೋಗುತ್ತದೆ. ನೋಡಬೇಕಾದ್ದು ಎಡಗಡೆಯ ಕೀಚಲು. ಸಾಧ್ಯತೆ ಮೂರು.

ಹೆಚ್ಚಾಗಿ ಸಿಗುವುದು ಡಿಸ್ಕಿಗೂ ಹಿಂದಿನ ತಗಡು ಶೀಲ್ಡಿಗೂ ಮಧ್ಯೆ ಸಿಕ್ಕಿಬಿದ್ದ ದಪ್ಪ ಮರಳು ಅಥವಾ ಚಿಪ್ಪಿನ ಚೂರು. ಖಾಲಿ ಜಾಗದಲ್ಲಿ ನಡಿಗೆ ವೇಗದಲ್ಲಿ ರಿವರ್ಸ್ ಹೋಗಿ ಮೂರು-ನಾಲ್ಕು ಸಲ ಬ್ರೇಕ್ ಒತ್ತಿ, ಮುಂದಕ್ಕೂ ಹಾಗೇ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಉದುರಿಹೋಗುತ್ತದೆ. ಹೋಗದಿದ್ದರೆ ಚಕ್ರ ಬಿಚ್ಚಿ ನೀರು ಹಾಯಿಸಿ, ಶೀಲ್ಡ್ ತಾಗುತ್ತಿದ್ದರೆ ಕೈಯಲ್ಲೇ ಎರಡು-ಮೂರು ಮಿ.ಮೀ. ಹಿಂದಕ್ಕೆ ಬಗ್ಗಿಸಿ. ಎರಡನೆಯದು, ಬ್ರೇಕ್ ಪ್ಯಾಡ್ (ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು) ಸವೆದಾಗ ಡಿಸ್ಕಿಗೆ ತಾಗಲೆಂದೇ ಇಟ್ಟಿರುವ ಸಣ್ಣ ತಗಡು. ಬ್ರೇಕ್ ಒತ್ತಿದ ಕೂಡಲೇ ಸದ್ದು ನಿಂತರೆ ಅದರ ಮೇಲೆ ಅನುಮಾನಪಡಿ. ಚಕ್ರ ಬಿಚ್ಚಿದಾಗ ಒಳಗಿನ, ಹೊರಗಿನ ಎರಡೂ ಪ್ಯಾಡ್ ನೋಡಿ. ಹಿಂದಿನ ಕಬ್ಬಿಣದ ಪಟ್ಟಿ ಬಿಟ್ಟು 3 ಮಿ.ಮೀ.ಗಿಂತ ಕಡಿಮೆ ಇದ್ದರೆ ತುಂಬಿದ ಗಾಡಿಯಲ್ಲಿ 650 ಕಿ.ಮೀ.ಗೆ ಹೊರಡಬೇಡಿ. ಮೂರನೆಯದು, ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ ಕಚ್ಚಿಕೊಂಡು ಪ್ಯಾಡ್ ಬಿಡದಿರುವುದು. ಹೆಚ್ಚು ಬ್ರೇಕ್ ಹಾಕದೆ 15 ಕಿ.ಮೀ. ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ರಿಮ್ಮಿನ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಝಳ ಹೊಡೆದರೆ ಅದೇ.

ಸ್ಟೇರಿಂಗ್ ನಡುಕಕ್ಕೆ ಮತ್ತೆ ಬ್ಯಾಲೆನ್ಸಿಂಗಿಗೆ ಓಡುವ ಮುಂಚೆ ರಿಮ್ಮಿನ ಒಳಮುಖ ನೋಡಿ. ಬ್ಯಾಲೆನ್ಸಿಂಗಿನಲ್ಲಿ 5 ಗ್ರಾಂ ತೂಕಕ್ಕೂ ಲೆಕ್ಕ ಇರುತ್ತದೆ. ಒಂದು ಹಿಡಿ ಒದ್ದೆ ಮರಳು ನೂರು ಗ್ರಾಂ ಮೀರುತ್ತದೆ. ನಿಂತ ಗಾಡಿಯ ರಿಮ್ಮಿನಲ್ಲಿ ಅದು ಕೆಳಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಹಿಂದುಗಡೆಯಿಂದ ನೀರು ಹೊಡೆದು, ಗಾಡಿ ಅರ್ಧ ಸುತ್ತು ಉರುಳಿಸಿ ಮತ್ತೆ ಹೊಡೆಯಿರಿ. ಆಮೇಲೂ ನಡುಗಿದರೆ ಬ್ಯಾಲೆನ್ಸಿಂಗಿಗೆ ಅಂಟಿಸಿದ ತೂಕ ಬಿದ್ದುಹೋಗಿರಬಹುದು (ಅಂಟಿನ ಚೌಕದ ಗುರುತು ಉಳಿದಿರುತ್ತದೆ), ಇಲ್ಲವೇ ಗಾಳಿ ಕಡಿಮೆ ಇದ್ದಾಗ ಮರಳಿನಲ್ಲಿ ಜೋರಾಗಿ ಎಕ್ಸಲರೇಟರ್ ಕೊಟ್ಟು ಟೈರ್ ರಿಮ್ಮಿನ ಮೇಲೆ ಜಾರಿರಬಹುದು. ಆಗ ಬ್ಯಾಲೆನ್ಸಿಂಗ್ ಬೇಕೇಬೇಕು. ಟೈರಿನ ಪಕ್ಕದಲ್ಲಿ ಎಲ್ಲಾದರೂ ಉಬ್ಬು ಕಂಡರೆ ಆ ಟೈರ್ ಹೈವೇಗೆ ಆಗುವುದಿಲ್ಲ, ಸ್ಟೆಪ್ನಿ ಹಾಕಿ.

ಗಾಳಿ. ಮರಳಿನಿಂದ ಬಂದ ಮೇಲೆ ಅಂದಾಜಿನಲ್ಲಿ ತುಂಬಿಸಿದ್ದು ಸಾಲದು. ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಪೂರ್ತಿ ಲೋಡಿನ ಅಂಕಿ ಬೇರೆ ಇರುತ್ತದೆ, ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಹೆಚ್ಚು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿದ್ದಾಗ ಅಳೆಯಿರಿ. ಸುಮಾರು 5–6 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯ ಒತ್ತಡ 1 ಪಿಎಸ್‌ಐ (ಒತ್ತಡದ ಅಳತೆ) ಏರುತ್ತದೆ, ಆದ್ದರಿಂದ ಓಡಿ ಬಿಸಿಯಾದ ಟೈರಲ್ಲಿ ಹೆಚ್ಚು ತೋರಿಸಿತು ಅಂತ ಗಾಳಿ ಬಿಡಬೇಡಿ. ಕಡಿಮೆ ಗಾಳಿಯಲ್ಲಿ ಲೋಡ್ ಗಾಡಿ ಓಡಿಸಿದರೆ ಟೈರಿನ ಪಕ್ಕ ಮಡಚಿ-ಮಡಚಿ ಕಾಯುತ್ತದೆ, ಒಡೆಯುವುದು ಅದರಿಂದಲೇ. ವಾಲ್ವ್ ಕ್ಯಾಪ್ ತೆಗೆಯುವ ಮುಂಚೆ ಒರೆಸಿ. ಒಂದು ಕಾಳು ಮರಳು ವಾಲ್ವಿಗೆ ಸಿಕ್ಕಿದರೆ ನಿಧಾನಕ್ಕೆ ಸೋರುತ್ತದೆ. ಈ ಬೆಳಿಗ್ಗೆ ಒಮ್ಮೆ, ನಾಳೆ ಬೆಳಿಗ್ಗೆ ಒಮ್ಮೆ ಅಳೆದು, ಯಾವುದಾದರೂ ಒಂದರಲ್ಲಿ 2 ಪಿಎಸ್‌ಐ ಇಳಿದಿದ್ದರೆ ವಾಲ್ವಿಗೂ ರಿಮ್ ಅಂಚಿಗೂ ಸೋಪು ನೀರು ಹಾಕಿ ಗುಳ್ಳೆ ನೋಡಿ. ಸ್ಟೆಪ್ನಿಗೂ ಗಾಳಿ ಹಾಕಿಸಿ, ಅದನ್ನು ಯಾರೂ ನೋಡಿರುವುದಿಲ್ಲ. ಚಿಕ್ಕ ಪಂಪನ್ನು ಎಂಜಿನ್ ಚಾಲೂ ಇಟ್ಟು ಓಡಿಸಿ, 10–15 ನಿಮಿಷಕ್ಕೊಮ್ಮೆ ಆರಲು ಬಿಡಿ.

ಬ್ಯಾಟರಿಗೆ: ಎಂಜಿನ್ ಆಫ್, ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. 250 ಮಿ.ಲೀ. ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ಹಳೇ ಹಲ್ಲುಜ್ಜುವ ಬ್ರಷ್. ನೊರೆ ನಿಲ್ಲುವವರೆಗೆ ಉಜ್ಜಿ, ಸೆಲ್ ಮುಚ್ಚಳದೊಳಗೆ ಹೋಗದಂತೆ ಒರೆಸಿ ಒಣಗಿಸಿ. ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಮಲ್ಟಿಮೀಟರ್ ಇದ್ದರೆ, ಗಾಡಿ ಕೆಲವು ಗಂಟೆ ನಿಂತ ಮೇಲೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ಎಂಜಿನ್ ಚಾಲೂ ಇದ್ದಾಗ 13.7ರಿಂದ 14.7ರ ನಡುವೆ ಇರಬೇಕು.

ಗ್ರೀಸ್‌ಕೈ ಅವರು ದಿನಾ ತೊಳೆಯುವುದು ದಂಡ ಅಂದಿದ್ದಾರೆ. ಗಾಡಿಯ ಮೈಗೆ ಒಪ್ಪುತ್ತೇನೆ, ಗಾಜು ಮತ್ತು ಹೆಡ್‌ಲೈಟಿಗೆ ಇಲ್ಲ. ಅರ್ಧ ಲೀಟರ್ ಸಿಹಿನೀರು ಸುರಿದು, ಆಮೇಲೆ ಬಟ್ಟೆ ಹಾಕಿ. ವೈಪರ್ ರಬ್ಬರನ್ನೂ ಒರೆಸಿ. ಒಣ ಗಾಜಿನ ಮೇಲೆ ವೈಪರ್ ಆಡಿಸಿದರೆ ಮರಳು ಗಾಜಿಗೆ ಅರ್ಧಚಂದ್ರ ಗೀರು ಬರೆಯುತ್ತದೆ, ಅದು ಮತ್ತೆ ಹೋಗುವುದಿಲ್ಲ. ಗಾಜಿನ ಒಳಮುಖ ಒರೆಸುವುದನ್ನು ಬಿಟ್ಟರೆ ಮಬ್ಬು ಅರ್ಧ ಹಾಗೇ ಉಳಿಯುತ್ತದೆ.

---

ಇಳಿತದ ಗೆರೆ

ಬೀಚ್ ಪಾರ್ಕಿಂಗ್ ಬಗ್ಗೆ ಮಾತ್ರ. ಕಳೆದ ವಾರದ 5 ಗಂಟೆ ಈ ವಾರದ 5 ಗಂಟೆ ಅಲ್ಲ.

ಬಹುತೇಕ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ 50 ನಿಮಿಷದಷ್ಟು ಹಿಂದೆ ಬೀಳುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಆಗ 5ಕ್ಕೆ ಇಳಿತ ಇದ್ದ ಜಾಗದಲ್ಲಿ ಈಗ 5ಕ್ಕೆ ಉಬ್ಬರ ಇರುವ ಸಾಧ್ಯತೆಯೇ ಹೆಚ್ಚು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ನಂತರದ ಒಂದೆರಡು ದಿನ ನೀರು ಇನ್ನೂ ಮೇಲಕ್ಕೆ ಬರುತ್ತದೆ. ಕೆಲವು ತೀರಗಳಲ್ಲಿ ದಿನಕ್ಕೆ ಒಂದೇ ಉಬ್ಬರ, ಹಾಗಾಗಿ ಹತ್ತಿರದ ಬಂದರಿನ ಟೈಡ್ ಟೇಬಲ್ (ಉಬ್ಬರ-ಇಳಿತದ ವೇಳಾಪಟ್ಟಿ) ನೋಡಿಯೇ ತೀರ್ಮಾನ ಮಾಡಿ.

ಗಾಡಿ ಓಡಿಸಲು ಗಟ್ಟಿ ಅನಿಸುವ ಒದ್ದೆ ಮರಳು ಇದೆಯಲ್ಲ, ನೀರು ಮತ್ತೆ ಬರುವ ಜಾಗ ಅದೇ. ಪಾಚಿ, ಚಿಪ್ಪು, ಕಡ್ಡಿಕಸ ಸಾಲಾಗಿ ಬಿದ್ದಿರುವ ಗೆರೆಗಿಂತ ಚೆನ್ನಾಗಿ ಮೇಲೆ, ಮೂತಿ ರಸ್ತೆ ಕಡೆಗೆ ಮಾಡಿ ನಿಲ್ಲಿಸಿ. ನನ್ನನ್ನು ಕೇಳಿದರೆ ಕೊನೆಯ ಸಂಜೆ ಮರಳಿಗೆ ಇಳಿಸುವುದೇ ಬೇಡ. ಹೂತರೆ ಮರುದಿನದ ಯೋಜನೆ ಪೂರ್ತಿ ಹಾಳು. ಹೂತೇ ಹೋದರೆ ಚಕ್ರ ತಿರುಗಿಸುತ್ತಾ ಕೂರಬೇಡಿ, ತಳ ಮರಳಿಗೆ ಕೂರುತ್ತದೆ. ಜನ ಇಳಿಸಿ, ಚಕ್ರದ ಮುಂದೆ ಇಳಿಜಾರಾಗಿ ತೋಡಿ, ಗಾಳಿ 15–18 ಪಿಎಸ್‌ಐಗೆ ಇಳಿಸಿ, ಮ್ಯಾಟ್ ಕೊಟ್ಟು ಕ್ಲಚ್ಚಿನಲ್ಲಿ ಮೆಲ್ಲಗೆ ತೆಗೆಯಿರಿ. ಅಲೆ ನೀರು ಏರ್ ಫಿಲ್ಟರ್ ಮಟ್ಟಕ್ಕೆ ಬಂದಿದ್ದರೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡೇ ಹೋಗಿ. ಮತ್ತೆ ರಿಮೋಟ್ ಕೀ ಜೇಬಲ್ಲಿಟ್ಟುಕೊಂಡು ನೀರಿಗಿಳಿಯಬೇಡಿ!

---

ಚೈನ್ ಲೂಬ್

ಬೈಕನ್ನು ಎಲ್ಲರೂ ಮರೆತರು. ಕಾರಿಗೆ ಒಂದು ವಾರ ಹಿಡಿಯುವ ಹಾಳು ಬೈಕಿಗೆ ಒಂದೇ ರಾತ್ರಿ ಸಾಕು, ಚೈನು ಬಯಲಲ್ಲೇ ಇರುತ್ತದೆ.

ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಚಕ್ರ ಕೈಯಲ್ಲೇ ತಿರುಗಿಸಿ. ಚಾಲೂ ಎಂಜಿನ್ನಿನಲ್ಲಿ ಗೇರ್ ಹಾಕಿ ಚೈನ್ ಒರೆಸಲು ಹೋದರೆ ಬೆರಳು ಹೋಗುತ್ತದೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆ ಬ್ರಷ್. ಪೆಟ್ರೋಲ್ ಬೇಡ, ತಂತಿ ಬ್ರಷ್ ಬೇಡ, ಚೈನಿನ ಒ-ರಿಂಗ್ (ಒಳಗಿನ ಗ್ರೀಸ್ ಹಿಡಿದಿಡುವ ರಬ್ಬರ್ ಉಂಗುರ) ಹಾಳಾಗುತ್ತದೆ. ಒರೆಸಿ ಒಣಗಿದ ಮೇಲೆ ಕೆಳಗಿನ ಸಾಲಿನ ಒಳಮೈಗೆ ಲೂಬ್ ಹಾಕಿ, ತಿರುಗುವಾಗ ಅದು ಹೊರಕ್ಕೆ ಹರಡುತ್ತದೆ. ರಾತ್ರಿಯೇ ಹಾಕಿದರೆ ಒಳ್ಳೆಯದು. ಹಾಕಿದ ಕೂಡಲೇ ಹೊರಟರೆ ಅರ್ಧ ಹಿಂದಿನ ಟೈರಿಗೆ ಎರಚುತ್ತದೆ. ಸಡಿಲ ಎಷ್ಟಿರಬೇಕು ಅಂತ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಸ್ಟಿಕ್ಕರಿನಲ್ಲಿ ಇರುತ್ತದೆ, ಸಾಮಾನ್ಯ ರಸ್ತೆ ಬೈಕುಗಳಿಗೆ 25–35 ಮಿ.ಮೀ. ಆಸುಪಾಸು. ಎಲ್ಲಿ ಅತಿ ಬಿಗಿಯೋ ಅಲ್ಲಿ ಅಳೆಯಿರಿ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯನ್ನು ಒದ್ದೆ ಬಟ್ಟೆಯಲ್ಲಿ ದಿನಾ ಒರೆಸಿ, ಅಲ್ಲಿ ಒಣಗಿದ ಉಪ್ಪು-ಮರಳು ಆಯಿಲ್ ಸೀಲನ್ನು ಕೊಯ್ಯುತ್ತದೆ.

---

ನೆಟ್ಟಗಿನ ರಸ್ತೆ

650ರ ಲೆಕ್ಕ ಹಾಕಿ ನೋಡಿ. ಸರಾಸರಿ 55–60 ಸಿಕ್ಕರೂ ಓಟವೇ 11–12 ಗಂಟೆ. ತೊಳೆಸಲು ಒಂದು ಗಂಟೆ, ಊಟ, ವಿರಾಮ ಸೇರಿ 14. ಬೆಳಿಗ್ಗೆ 4ಕ್ಕೆ ಎದ್ದವರಿಗೆ ಕೊನೆಯ ನೂರು ಕಿ.ಮೀ. ಬರುವುದು ಕತ್ತಲಾಗುವ ಹೊತ್ತಿಗೆ, ಬಹುಪಾಲು ಪರಿಚಯದ ರಸ್ತೆಯಲ್ಲಿ, ಮನೆ ಬಂತು ಅನ್ನುವ ಅವಸರದಲ್ಲಿ. 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ ರಕ್ತದಲ್ಲಿ 0.05% ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ. 90ರ ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ 100 ಮೀಟರ್ ಹೋಗಿರುತ್ತದೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ನಿದ್ದೆಗೆ ಮದ್ದಲ್ಲ. ಕಾಫಿ ಕುಡಿದು ಕೂಡಲೇ 20 ನಿಮಿಷ ಮಲಗಿ. ಕೆಫೀನ್ ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕು.

ನನ್ನ ಸಲಹೆ, ಎರಡನೇ ರಾತ್ರಿ ತೀರದಲ್ಲಿ ಕಳೆಯಬೇಡಿ. ನಾಳೆ ಬೆಳಿಗ್ಗೆ ಕಡಲು ನೋಡಿ, ಮಧ್ಯಾಹ್ನಕ್ಕೆ ಮುಂಚೆ ಒಳಕ್ಕೆ ತಿರುಗಿ, ಗಾಡಿ ತೊಳೆಸಿ, 150–200 ಕಿ.ಮೀ. ಹೋಗಿ ತಂಗಿ. ಕೊನೆಯ ದಿನಕ್ಕೆ 450–500 ಉಳಿಯುತ್ತದೆ. ತೊಳೆದ ಗಾಡಿಗೆ ಮತ್ತೆ ಉಪ್ಪು ಕೂರುವುದಿಲ್ಲ. ತೊಳೆದ ಮೇಲೆ ಏನಾದರೂ ಸದ್ದು, ಸೋರಿಕೆ ಕಂಡರೆ ಗ್ಯಾರೇಜು ಹುಡುಕಲು ಹಗಲೂ ಇರುತ್ತದೆ. ಬೇಗ ಹೊರಡಲು ಇನ್ನೊಂದು ಕಾರಣ ಗಾಳಿ. ಬಿಸಿಲೇರಿದಂತೆ ಕಡಲಗಾಳಿ ಜೋರಾಗಿ ತೀರದ ರಸ್ತೆಗೆ ಅಡ್ಡ ಬೀಸುತ್ತದೆ. ಕ್ಯಾರಿಯರ್ ತುಂಬಿದ ಕಾರಿಗೆ ನದಿ ಕಡಲು ಸೇರುವಲ್ಲಿನ ಸೇತುವೆ ಮೇಲೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ, ವೇಗ 60ಕ್ಕೆ ಇಳಿಸಿ. ಕ್ಯಾರಿಯರ್ ಬೋಲ್ಟು, ಪಟ್ಟಿ ಬಿಗಿ ನೋಡಿ. ಒದ್ದೆ ಬಟ್ಟೆಯ ಭಾರದ ಚೀಲ ಮೇಲಿಂದ ಡಿಕ್ಕಿಗೆ ಇಳಿಸಿ. ಹಿಂದೆ ಭಾರ ಇದ್ದಾಗ ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತದೆ. ಸ್ಟೇರಿಂಗ್ ಪಕ್ಕ 0–3 ಬರೆದ ಚಿಕ್ಕ ಗಾಲಿ ಇದ್ದರೆ ಅದನ್ನು ತಿರುಗಿಸಿ ಕೆಳಗಿಳಿಸಿ.

---

ತೀರದಾರಿ

ಎಲ್ಲರಿಗೂ ಧನ್ಯವಾದ. ಎರಡನೇ ರಾತ್ರಿ ಒಳನಾಡಿನಲ್ಲೇ ತಂಗುವುದು ಅಂತ ಆಯಿತು, ಬೀಚ್ ಪಾರ್ಕಿಂಗ್ ಕೈಬಿಟ್ಟೆವು. ಎಡ ರಿಮ್ ಒಳಗೆ ಮರಳು ಗಟ್ಟಿಯಾಗಿತ್ತು, ತೊಳೆದ ಮೇಲೆ ನಡುಕ ನಿಂತಿದೆ. ಕೀಚಲು ಮಾತ್ರ ಇದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ. ಹೊರಗಿನ ಪ್ಯಾಡ್ 6 ಮಿ.ಮೀ. ಇದೆ, ಒಳಗಿನದು 2 ಇರಬಹುದು. ಹೊರಗಿನದು ಚೆನ್ನಾಗಿದೆಯಲ್ಲ, ಮನೆ ತನಕ ನಡೆಯುತ್ತದೆಯೇ?

---

ಹದಿನಾಲ್ಕರ ಸ್ಪ್ಯಾನರ್

ಇಲ್ಲ, ಇಲ್ಲೇ ಮಾಡಿಸಿ. ಒಳಗಿನದು ಮಾತ್ರ ಅಷ್ಟು ಸವೆದಿದೆ ಅಂದರೆ ಕ್ಯಾಲಿಪರ್ ಸ್ಲೈಡ್ ಪಿನ್ ಕಚ್ಚಿಕೊಂಡಿದೆ, ಅಥವಾ ಪಿಸ್ಟನ್ ಹಿಂದಕ್ಕೆ ಬರುತ್ತಿಲ್ಲ. ಬರೀ ಪ್ಯಾಡ್ ಬದಲಿಸಿದರೆ ಹೊಸದೂ ಹಾಗೇ ಸವೆಯುತ್ತದೆ.

ಗ್ಯಾರೇಜಿನವರಿಗೆ ಹೀಗೆ ಹೇಳಿ: ಮುಂದಿನ ಎರಡೂ ಕಡೆಯ ಪ್ಯಾಡ್ ಸೆಟ್ ಹಾಕಬೇಕು, ಪಿನ್ ಹೊರಗೆ ತೆಗೆದು ತುಕ್ಕು ಒರೆಸಿ ಬ್ರೇಕಿನ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ಪಿನ್ನಿನ ರಬ್ಬರ್ ಉಬ್ಬಿ ಮತ್ತೆ ಕಚ್ಚುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ನೇತುಬಿಡದೆ ತಂತಿಯಲ್ಲಿ ಕಟ್ಟಲಿ. ಪಿಸ್ಟನ್ ಒಳಕ್ಕೆ ಒತ್ತುವಾಗ ಮೇಲಿನ ಡಬ್ಬಿಯಿಂದ ಬ್ರೇಕ್ ಆಯಿಲ್ ಉಕ್ಕಿ ಪೇಂಟಿಗೆ ಬೀಳದಂತೆ ನೋಡಿಕೊಳ್ಳಲಿ. ಪಿಸ್ಟನ್ ಸುಲಭಕ್ಕೆ ಒಳಗೆ ಹೋಗದಿದ್ದರೆ ಆ ಕ್ಯಾಲಿಪರ್ ಬಿಚ್ಚಿ ಸರಿಮಾಡಬೇಕು, ಪ್ಯಾಡ್ ಹಾಕಿ ಕಳಿಸುವ ಹಾಗಿಲ್ಲ.

ಕೆಲಸ ಮುಗಿದು ಗಾಡಿ ಅಲುಗಿಸುವ ಮುಂಚೆ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ. ಮೊದಲ ಎರಡು-ಮೂರು ಸಲ ಅದು ನೆಲಕ್ಕೇ ಹೋಗುತ್ತದೆ. ಆಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಮೆಲ್ಲಗೆ ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಡಿಸ್ಕ್ ಆರಲು ಅರ್ಧ ಕಿ.ಮೀ. ಓಡಿಸಿ. ಮೊದಲ 200–300 ಕಿ.ಮೀ. ಮುಂದಿನ ಗಾಡಿಯಿಂದ ದೂರ ಹೆಚ್ಚಿಡಿ. ಚಕ್ರದ ನಟ್‌ಗಳನ್ನು 50–100 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಬಿಗಿ ನೋಡಿ, ಚಕ್ರ ನೆಲದ ಮೇಲಿರುವಾಗ.